ತಿದ್ದೋಲೆ

ಇಪ್ಪತ್ಮೂರು ವರ್ಷದ ಕೆಳಗೆ, ‘ಸದ್ದು’ ಎಂಬ
ಮೂರು ರೂಪಾಯಿಯ ಜೆರಾಕ್ಸ್ ಪತ್ರಿಕೆಯ ನಾಲ್ಕನೇ ಪುಟದಲ್ಲಿ
ನಾನು ಬರೆದದ್ದು ಹೀಗಿತ್ತು:

“ನಮ್ಮ ಹಾಸನದ್ದೇ ಆದ ‘ಗರಗಸ’ ತಂಡದ ಮೊದಲ ಡೆಮೋ. ಐದು ಹಾಡು.
ಡ್ರಮ್ಮು, ತಗಡಿನ ಮೇಲೆ ಬಿದ್ದ ಆಲಿಕಲ್ಲು.
ಗಿಟಾರು ಶ್ರುತಿಗೆ ಸೇರುವುದು ಅಮಾವಾಸ್ಯೆಗೊಮ್ಮೆ.
ಹಾಡುವವನಿಗೆ ಗಂಟಲುನೋವು; ಕೇಳಿದರೆ ನಮಗೂ.
ಬೇಸ್ ಮಾತ್ರ ಅದ್ಭುತ. ಒಂದೇ ಸ್ವರ ಕಚ್ಚಿಕೊಂಡು,
ಮೇಲಿನ ಅಪದ್ಧವನ್ನೆಲ್ಲ ಹೊತ್ತು, ಜಗ್ಗದೆ ನಿಂತಿದೆ,
ಹಳೇಬೀಡಿನ ಗುಡಿಯ ಬುಡದ ಆನೆಸಾಲಿನಂತೆ.
ಹೆಸರು ಹಾಕದ ಈ ಬೇಸ್ ವಾದಕ
ಪಟಾಲಮ್ಮು ಬಿಟ್ಟು ಬರುವುದು ಕ್ಷೇಮ.
ಹತ್ತಕ್ಕೆ ಮೂರು. ಮೂರೂ ಅವನಿಗೇ.”

ಆಗ ನನಗೆ ಇಪ್ಪತ್ತು. ಹಗಲು
ಎನ್.ಆರ್. ಸರ್ಕಲ್ಲಿನ ಹಿಂದಣ ಪ್ರೆಸ್ಸಿನಲ್ಲಿ
ಲಗ್ನಪತ್ರಿಕೆಯ ಕರಡು ತಿದ್ದುತ್ತಿದ್ದೆ.
ರಾತ್ರಿ ಲೋಹ ತಿದ್ದುತ್ತಿದ್ದೆ:
ಅಂಚೆಯಲ್ಲಿ ಬಂದ, ನಕಲಿನ ನಕಲಿನ ನಕಲು ಕ್ಯಾಸೆಟ್ಟು,
ನಾರ್ವೆಯ ಚಳಿ ಎಲ್ಲಿಗೆ ಮುಗಿಯಿತು
ಟೇಪಿನ ಸವಕಲು ಎಲ್ಲಿ ಶುರುವಾಯಿತು
ತಿಳಿಯದಿದ್ದರೂ
ತೀರ್ಪಿಗೆ ಬರ ಇರಲಿಲ್ಲ.

ಮೊನ್ನೆ ಇಮ್ದಾದ್ ಬಂದಿದ್ದ, ಬಿಲ್ ಬುಕ್ಕು ಮಾಡಿಸಲು.
ಗರಗಸದ ಗಿಟಾರು. ಈಗ ಮೋಟಾರು ವೈಂಡಿಂಗು.
ನೂರು ಹಾಳೆಯದು ಹತ್ತು, ನಕಲು ಹಳದಿ ಬಣ್ಣ,
ಅದೆಲ್ಲ ಆದ ಮೇಲೆ, ಚೀಟಿ ಮಡಚುತ್ತ
ನಾನೇ ಬಾಯಿ ಬಿಟ್ಟೆ: ಆ ಬೇಸ್ ನುಡಿಸ್ತಿದ್ದೋನು ಎಲ್ಲಿದ್ದಾನೆ?

“ಬೇಸ್ ಎಲ್ಲಿತ್ತು ಗುರು ನಮ್ಮತ್ರ?
ಅದು ಮರಿಯಣ್ಣನ ಹಿಟ್ಟಿನ ಮಿಲ್ಲು.
ಮೇಲ್ಗಡೆ ರೂಮು, ಆಲೂಗಡ್ಡೆ ಗೋಣಿ ಗೋಡೆಗೆ ಹೊಡ್ದು
ನಾವು ರೆಕಾರ್ಡ್ ಮಾಡ್ತಿದ್ರೆ
ಅವ್ನು ಕೆಳಗೆ ರಾಗಿ ಬೀಸ್ತಿದ್ದ.
ನಿಲ್ಲಿಸು ಅನ್ನೋಕಾಯ್ತದಾ? ಬಾಡಿಗೆ ಬಾಕಿ ಇತ್ತು.
ಮಿಲ್ಲಿನ ಸುತಿಗೇ ತಂತಿ ಕಟ್ಕಂಡ್ವಿ.
ಮೂರ್ನೇ ಹಾಡಲ್ಲಿ ಯಾರೋ ಅಕ್ಕಿ ತಂದ್ರು ನೋಡು,
ಅಲ್ಲೇ ಎಡವಟ್ಟಾಗಿದ್ದು.”

ನಾನು ನಗಲಿಲ್ಲ. ಅವನು ನಕ್ಕ.
ಆ ಪುಟ ಹಿಡಿದು ಬೋರೇಶ ಮೆಟ್ಟಿಲಿಳಿದು
ಮರಿಯಣ್ಣನಿಗೆ ಮೂರು ಅಂಕ ಒಪ್ಪಿಸಿ ಬಂದನಂತೆ.
ಮರಿಯಣ್ಣ ಅದನ್ನು ಕತ್ತರಿಸಿ, ಗಂಜಿ ಹಚ್ಚಿ,
ತಕ್ಕಡಿಯ ಹಿಂದಿನ ಗೋಡೆಗೆ ಅಂಟಿಸಿದ್ದನಂತೆ,
ಬೀಸೋ ಕೂಲಿಯ ದರಪಟ್ಟಿಯ ಪಕ್ಕ,
ಮಿಲ್ಲು ಮುಚ್ಚುವ ತನಕ.

ಅವರ ಆಲ್ಬಮ್ಮು ಆಮೇಲೆ ಮೈಸೂರಿನಲ್ಲಿ,
ಗಂಟೆಗಿಷ್ಟು ಕೊಟ್ಟ ಸ್ಟುಡಿಯೋದಲ್ಲಿ, ಬಾಡಿಗೆ ಬೇಸಿನವನ ಜೊತೆ.
ಎಲ್ಲ ಶ್ರುತಿಯಲ್ಲಿತ್ತು. ಏಳು ಕೊಟ್ಟಿದ್ದೆ.
“ಪ್ರೌಢ” ಅಂದಿದ್ದೆ.
ಅದರ ಒಂದು ಸಾಲೂ ಈಗ ಬಾಯಿಗೆ ಬಾರದು.

ರಾತ್ರಿ ಟೇಪಿನ ಹೆಡ್ಡಿಗೆ ಸ್ಪಿರಿಟ್ಟು ಒರೆಸಿ
ಡೆಮೋ ಹಾಕಿದೆ.
ಮೊದಲು ಯಾವುದೋ ಹರಿಕಥೆಯ ಬಾಲ, ಅಳಿಸದೆ ಉಳಿದದ್ದು.
ಆಮೇಲೆ ಬೆಲ್ಟು ತಿರುಗಿ
ನೆಲದೊಳಗಿಂದ ಎದ್ದು ಬಂತು ಆ ಗುಂಗು.
ಎರಡು ಹಾಡಿನ ನಡುವೆ, ಇಷ್ಟು ವರ್ಷ ನನಗೆ ಕೇಳಿಸದ,
ಹೆಂಗಸೊಬ್ಬಳ ದನಿ: “ಇನ್ನೊಂಚೂರು ನುಣ್ಣಗಾಗ್ಲಿ ಅಣ್ಣಾ.”
ಅದಕ್ಕೇ ಉತ್ತರ ಕೊಟ್ಟ ಹಾಗೆ
ಬೋರೇಶ ಕಿರುಚುತ್ತಾನೆ.
ರಾಗಿಯ ಮೇಲೆ ಗಿಟಾರು ಕೂತಾಗ,
ಅಕ್ಕಿ ಬಂದು ಅದು ಒದ್ದಾಡುವಾಗ,
ಮತ್ತೆ ರಾಗಿಗೆ ಕಾದು, ಸಿಕ್ಕು, ಒಟ್ಟಿಗೆ ನುಗ್ಗುವಾಗ
ಕುರ್ಚಿಯಲ್ಲಿ ಕೂರಲಾಗಲಿಲ್ಲ. ನಲವತ್ಮೂರರ ಕತ್ತು
ತಾನಾಗಿ ಕುಣಿಯಿತು. ಬೆಳಿಗ್ಗೆ ನೋವು.

ಆದ್ದರಿಂದ, ‘ಸದ್ದು’ ಪತ್ರಿಕೆ ಈಗ ಇಲ್ಲದಿದ್ದರೂ,
ಓದಿದ ಮೂವತ್ತೋ ನಲವತ್ತೋ ಜನರಲ್ಲಿ ವಿನಂತಿ:

ಪುಟ ನಾಲ್ಕು. ‘ಬೇಸ್’ ಎಂದಿರುವಲ್ಲೆಲ್ಲ
ಎತ್ವ ತೆಗೆದು ಗುಡಿಸು ಹಾಕಿ,
ಸಕಾರಕ್ಕೊಂದು ಕೊಂಬು ಕೊಟ್ಟು
‘ಬೀಸು’ ಎಂದು ಓದಿಕೊಳ್ಳುವುದು.
‘ಅಮಾವಾಸ್ಯೆಗೊಮ್ಮೆ’ ಎಂಬುದನ್ನು ಹೊಡೆದುಹಾಕುವುದು.
ಹತ್ತಕ್ಕೆ ಮೂರು ಎಂಬುದು ಅಚ್ಚಿನ ದೋಷವಲ್ಲ,
ಕಿವಿಯದು.

ಡ್ರಮ್ಮಿನ ಬಗ್ಗೆ ಬರೆದದ್ದು ಹಾಗೇ ಇರಲಿ.
ಅಲ್ಫೋನ್ಸನನ್ನೇ ಕೇಳಿದೆ ಫೋನಿನಲ್ಲಿ.
ಆಲಿಕಲ್ಲೇ, ಅಂದ.